'ಆ ಕಾಲಕ್ಕೆ ಚೆನ್ನಾಗಿತ್ತು' ಅಂತ ಬರೆಯುವ ಮುಂಚೆ

ಪ್ರಶ್ನೆ: ಮೂರು ವರ್ಷದಿಂದ ಪ್ರತಿ ಶನಿವಾರ ರಾತ್ರಿ ಒಂದು ಹಳೆಯ ಸಿನಿಮಾ ನೋಡುತ್ತೇನೆ. ಹೆಚ್ಚಾಗಿ 1920ರಿಂದ 1960ರ ನಡುವಿನವು, ಬೇರೆ ಬೇರೆ ದೇಶದವು. ನೋಡಿದ ಮೇಲೆ ಒಂದು ಪುಟದಷ್ಟು ವಿಮರ್ಶೆ ಬರೆದು ನಾಲ್ಕೈದು ಗೆಳೆಯರಿಗೆ ಕಳಿಸುತ್ತೇನೆ. ಮೊನ್ನೆ ಬರೆದದ್ದನ್ನೆಲ್ಲ ಒಟ್ಟಿಗೆ ಓದಿದೆ. ಬೇಜಾರಾಯಿತು. ನೂರಕ್ಕೂ ಜಾಸ್ತಿ ಬರಹಗಳಲ್ಲಿ ಇರುವುದು ಎರಡೇ ಮಾತು: 'ಆ ಕಾಲಕ್ಕೆ ಚೆನ್ನಾಗಿತ್ತು', ಇಲ್ಲವೇ 'ಸ್ವಲ್ಪ ನಿಧಾನ'. ಎಲ್ಲರೂ ಹೊಗಳುವ ಸಿನಿಮಾ ನನಗೆ ಹಿಡಿಸದಿದ್ದರೆ ಹಾಗೆಂದು ಬರೆಯಲು ಧೈರ್ಯವೂ ಬರುವುದಿಲ್ಲ. 'ಎಪ್ಪತ್ತು ವರ್ಷದ ಹಿಂದಿನ ಸಿನಿಮಾಕ್ಕೆ ಈಗ ವಿಮರ್ಶೆ ಯಾರಿಗೆ ಬೇಕು?' ಅಂತ ಒಬ್ಬ ಗೆಳೆಯ ಕೇಳುತ್ತಾನೆ. ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನಿಮ್ಮ ಗೆಳೆಯರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ಕೇಳಿದ್ದರಲ್ಲಿ ಅರ್ಧ ಸರಿ ಇದೆ. ಹೊಸ ಸಿನಿಮಾದ ವಿಮರ್ಶೆ ಓದುವವರಿಗೆ ಗೊತ್ತಾಗಬೇಕಾದ್ದು ಒಂದೇ: ಟಿಕೆಟ್ ತೆಗೆಯಬೇಕೋ ಬೇಡವೋ. ಹಳೆಯ ಸಿನಿಮಾಕ್ಕೆ ಆ ಕೆಲಸವೇ ಇಲ್ಲ. ಅದಕ್ಕೆ ಹಾಕಿದ ದುಡ್ಡು ಯಾವತ್ತೋ ಬಂದಿದೆ ಅಥವಾ ಮುಳುಗಿದೆ. ನಟರಲ್ಲಿ ಹೆಚ್ಚಿನವರು ತೀರಿಕೊಂಡಿದ್ದಾರೆ. ನೀವು ಹೊಗಳಿದರೂ ಬೈದರೂ ಯಾರ ಹೊಟ್ಟೆಗೂ ಪೆಟ್ಟಿಲ್ಲ.

ಆದರೆ ಇದೇ ನಿಮಗೆ ಸಿಕ್ಕ ಸೌಕರ್ಯ ಕೂಡ. ಶುಕ್ರವಾರದ ಗಡುವು ನಿಮ್ಮ ತಲೆಯ ಮೇಲಿಲ್ಲ. 1967ರಲ್ಲಿ 'ನ್ಯೂಸ್‌ವೀಕ್' ವಿಮರ್ಶಕ ಜೋ ಮಾರ್ಗೆನ್‌ಸ್ಟರ್ನ್ 'ಬಾನಿ ಆ್ಯಂಡ್ ಕ್ಲೈಡ್' ಸಿನಿಮಾವನ್ನು ಹಿಗ್ಗಾಮುಗ್ಗಾ ಬೈದು ಬರೆದರು. ಆಮೇಲೆ ಚಿತ್ರಮಂದಿರದಲ್ಲಿ ಜನರ ಮಧ್ಯೆ ಕೂತು ಇನ್ನೊಮ್ಮೆ ನೋಡಿದರು. ಮರುವಾರವೇ 'ನಾನು ಬರೆದದ್ದು ತಪ್ಪು' ಎಂದು ಇನ್ನೊಂದು ವಿಮರ್ಶೆ ಬರೆದರು. ವಾರಪತ್ರಿಕೆಯ ವಿಮರ್ಶಕರೊಬ್ಬರು ಹೀಗೆ ಮಾಡಿದ್ದನ್ನು ಜನ ಇವತ್ತಿಗೂ ನೆನೆಯುತ್ತಾರೆ. ನೀವಾದರೆ ಅದನ್ನು ಯಾವ ಶನಿವಾರ ಬೇಕಾದರೂ ಸದ್ದಿಲ್ಲದೆ ಮಾಡಬಹುದು.

ನಿಮ್ಮ ಗೆಳೆಯರ ಮಾತಿನ ಇನ್ನರ್ಧ ತಪ್ಪು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಒಂದು ವರದಿ ಹೊರತಂದಿತು. ಅದರ ಪ್ರಕಾರ ಆ ದೇಶದಲ್ಲಿ ಮಾತಿಲ್ಲದ ಮೂಕಿ ಸಿನಿಮಾಗಳ ಕಾಲದಲ್ಲಿ ತಯಾರಾದ ಪೂರ್ಣ ಪ್ರಮಾಣದ ಸಿನಿಮಾಗಳು ಹತ್ತಿರ ಹತ್ತಿರ 11,000. ಅವುಗಳಲ್ಲಿ ಬಿಡುಗಡೆಯಾದ ರೂಪದಲ್ಲೇ, ಚಿತ್ರಮಂದಿರದಲ್ಲಿ ಓಡಿಸುವ 35 ಎಂಎಂ ಪ್ರಿಂಟಿನಲ್ಲಿ ಪೂರ್ತಿಯಾಗಿ ಉಳಿದಿರುವುದು ಶೇಕಡ 14 ಮಾತ್ರ. ಶೇಕಡ 70ರಷ್ಟು ಹೋಗಿಯೇಬಿಟ್ಟಿವೆ. ಆಗಿನ ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುತ್ತಿತ್ತು, ಇಟ್ಟಲ್ಲೇ ಕೊಳೆಯುತ್ತಿತ್ತು. ಟಾಕಿ ಬಂದ ಮೇಲೆ ಮೂಕಿಗೆ ಬೆಲೆಯೇ ಇಲ್ಲ ಅಂದುಕೊಂಡು ಎಷ್ಟೋ ಪ್ರಿಂಟುಗಳನ್ನು ಬಿಸಾಡಿದರು. ಫಿಲ್ಮಿನಲ್ಲಿದ್ದ ಬೆಳ್ಳಿ ತೆಗೆಯುವುದಕ್ಕೆ ಕರಗಿಸಿದ್ದೂ ಉಂಟು. ಭಾರತದ ಮೊದಲ ಟಾಕಿ, 1931ರ 'ಆಲಂ ಆರಾ', ಅದರದೂ ಒಂದು ಪ್ರತಿ ಇಲ್ಲ.

ಹೀಗೆ ಕಳೆದುಹೋದ ಸಿನಿಮಾಗಳ ಬಗ್ಗೆ ನಮಗೆ ಉಳಿದಿರುವುದು ಒಂದಿಷ್ಟು ಸ್ಟಿಲ್ ಫೋಟೊ, ಮತ್ತೆ ಆ ದಿನಗಳ ವಿಮರ್ಶೆ. ಆ ವಿಮರ್ಶೆಗಳನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೂರು ಪ್ಯಾರಾ ಕಥೆ. ನಾಯಕಿ ಚೆಲುವೆ. ಛಾಯಾಗ್ರಹಣ ಸೊಗಸು. ಮುಗಿಯಿತು. ಅಯ್ಯಾ, ನಿನ್ನ ಕಣ್ಣೆದುರು ಸಿನಿಮಾ ಓಡುತ್ತಿತ್ತು, ಏನು ಕಂಡಿತು ಅಂತ ಒಂದು ಸಾಲು ಬರೆದಿದ್ದರೆ ಏನಾಗುತ್ತಿತ್ತು!

ನಿಮ್ಮ ನೂರು ಬರಹಗಳ ಕಾಯಿಲೆಯೂ ಇದೇ ಅಂತ ನನ್ನ ಅನುಮಾನ.

'ಆ ಕಾಲಕ್ಕೆ ಚೆನ್ನಾಗಿತ್ತು' ಅನ್ನುವುದು ಮೇಲ್ನೋಟಕ್ಕೆ ಮರ್ಯಾದೆಯ ಮಾತು. ಒಳಗೆ ನೋಡಿದರೆ ಹಿರಿಯರನ್ನು ಸೋಫಾದ ಮೇಲೆ ಕೂರಿಸಿ, ಅವರು ಹೇಳಿದ್ದಕ್ಕೆಲ್ಲ ಹೂಂ ಹೂಂ ಅನ್ನುತ್ತಾ ಮೊಬೈಲ್ ನೋಡಿದ ಹಾಗೆ. ಅವರು ಹೇಳಿದ್ದು ನಮ್ಮ ಕಿವಿಗೆ ಬಿದ್ದೇ ಇಲ್ಲ. ಇನ್ನೊಂದು ತಮಾಷೆ ಇದೆ. ಎಷ್ಟೋ ಸಲ ಈ ಮಾತು ಸುಳ್ಳು ಕೂಡ. ಝಾನ್ ರೆನ್ವಾರ್ ನಿರ್ದೇಶಿಸಿದ 'ದಿ ರೂಲ್ಸ್ ಆಫ್ ದಿ ಗೇಮ್' 1939ರಲ್ಲಿ ಪ್ಯಾರಿಸ್ಸಿನಲ್ಲಿ ತೆರೆಕಂಡಾಗ ಜನ ಕೂಗಾಡಿ ಗಲಾಟೆ ಮಾಡಿದರು. ನಿರ್ದೇಶಕರು ಗಾಬರಿಯಾಗಿ ಕತ್ತರಿಸುತ್ತಾ ಹೋದರು. ಕೆಲವೇ ತಿಂಗಳಲ್ಲಿ ಸರ್ಕಾರ ನಿಷೇಧ ಹಾಕಿತು. ಇಪ್ಪತ್ತು ವರ್ಷವಾದ ಮೇಲೆ, 1959ರಲ್ಲಿ, ತುಂಡುಗಳನ್ನು ಹುಡುಕಿ ಜೋಡಿಸಿ ತೋರಿಸಿದಾಗಲೇ ಅದಕ್ಕೆ ದೊಡ್ಡ ಹೆಸರು ಬಂದದ್ದು. ಆ ಕಾಲಕ್ಕೆ ಅದು ಚೆನ್ನಾಗಿರಲಿಲ್ಲ ಅಂತ ಆ ಕಾಲದವರೇ ಹೇಳಿದ್ದರಲ್ಲ!

ಇನ್ನು ನೀವು ಕೇಳದೇ ಇರುವ ಒಂದು ಪ್ರಶ್ನೆ. ನನ್ನ ಲೆಕ್ಕದಲ್ಲಿ ಅದೇ ಮೊದಲು ಬರಬೇಕು. ನೀವು ನೋಡಿದ್ದು ನಿಜವಾಗಿ ಆ ಸಿನಿಮಾವನ್ನೇನಾ?

ಈ ಪಾಠ ನನಗೆ ಸಿಕ್ಕಿದ್ದು ಮರ್ಯಾದೆ ಕಳೆದುಕೊಂಡು. ಬರೆಯಲು ಶುರು ಮಾಡಿದ ಹೊಸದು. 'ನೊಸ್ಫೆರಾಟು' ನೋಡಿದೆ, 1922ರ ಜರ್ಮನ್ ಮೂಕಿ, ಮುರ್ನೌ ನಿರ್ದೇಶನದ್ದು. ರಕ್ತ ಹೀರುವ ಪಿಶಾಚಿಯ ಕಥೆ. ಬಿಸಿಲು ಬಿದ್ದರೆ ಪಿಶಾಚಿ ಸಾಯುತ್ತದೆ, ಕ್ಲೈಮ್ಯಾಕ್ಸ್ ನಿಂತಿರುವುದೇ ಇದರ ಮೇಲೆ. ಆದರೆ ನಾನು ನೋಡಿದ ಪ್ರಿಂಟಿನಲ್ಲಿ ಅದೇ ಪಿಶಾಚಿ ಹಾಡಹಗಲಲ್ಲಿ ಶವಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಯಲ್ಲಿ ಹೋಗುತ್ತದೆ. ಗೋಡೆಯ ಮೇಲೆ ನೆರಳು ಕೂಡ ಕಾಣುತ್ತದೆ. ನನಗೆ ಖುಷಿಯೋ ಖುಷಿ, ದೊಡ್ಡ ತಪ್ಪು ಹಿಡಿದುಬಿಟ್ಟೆ ಅಂತ. ನಿರ್ದೇಶಕರಿಗೆ ಸ್ವಂತ ಕಥೆಯೇ ಮರೆತುಹೋಗಿತ್ತು ಎಂದು ಗೇಲಿ ಮಾಡಿ ಬರೆದೆ. ಅಚ್ಚಾಯಿತು. ಹತ್ತು ದಿನಕ್ಕೆ ಹಿರಿಯರೊಬ್ಬರಿಂದ ಒಂದು ಕಾರ್ಡು ಬಂತು. ಒಂದೇ ಸಾಲು: 'ನೀಲಿ ಪ್ರಿಂಟು ಸಿಕ್ಕರೆ ನೋಡಿ.'

ವಿಷಯ ಹೀಗಿತ್ತು. ಆಗಿನ ಫಿಲ್ಮಿಗೆ ಬೆಳಕು ಜಾಸ್ತಿ ಬೇಕು. ರಾತ್ರಿ ಹೊರಗೆ ಚಿತ್ರೀಕರಣ ಮಾಡುವುದು ಬಹಳ ಕಷ್ಟ. ಹಾಗಾಗಿ ರಾತ್ರಿಯ ದೃಶ್ಯವನ್ನೂ ಹಗಲಲ್ಲೇ ತೆಗೆದು, ಆಮೇಲೆ ಪ್ರಿಂಟನ್ನು ನೀಲಿ ಬಣ್ಣದಲ್ಲಿ ಅದ್ದುತ್ತಿದ್ದರು. ನೀಲಿ ಅಂದರೆ ರಾತ್ರಿ. ದೀಪದ ಬೆಳಕಿನ ಕೋಣೆಗೆ ಹಳದಿ. ನೋಡುವವರಿಗೂ ಇದು ಗೊತ್ತಿತ್ತು. ಮುಂದೆ ಯಾರೋ ಬಣ್ಣವಿಲ್ಲದ ಕಪ್ಪು ಬಿಳುಪು ನಕಲು ಮಾಡಿದರು, ಅದರಿಂದ ಇನ್ನೊಂದು ನಕಲು, ಅದರಿಂದ ಮತ್ತೊಂದು. ರಾತ್ರಿಯೆಲ್ಲ ಹಗಲಾಯಿತು. ನಾನು ಗೇಲಿ ಮಾಡಿದ ತಪ್ಪು ನಿರ್ದೇಶಕರದ್ದಲ್ಲ, ನಕಲು ಮಾಡಿದವರದ್ದು. ಆ ಕಾರ್ಡು ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ವೇಗದ ಕಥೆಯೂ ಇಂಥದ್ದೇ. ಮೂಕಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಫ್ರೇಮು, ಅಂದರೆ ಬಿಡಿ ಚಿತ್ರ, ಇರಬಹುದು, 20 ಇರಬಹುದು, ಒಂದೇ ಲೆಕ್ಕ ಅಂತ ಇರಲಿಲ್ಲ. ಮಾತು ಬಂದ ಮೇಲೆ ಧ್ವನಿ ಕೆಡಬಾರದೆಂದು ಸೆಕೆಂಡಿಗೆ 24 ಎಂದು ಗಟ್ಟಿಯಾಯಿತು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ಜೋರು. ಒಂದು ಗಂಟೆಯ ಸಿನಿಮಾ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಶವಯಾತ್ರೆ ಕೂಡ ಬಸ್ಸಿಗೆ ಓಡುವವರ ಹಾಗೆ ಕಾಣುತ್ತದೆ. 'ಆಗಿನ ಜನ ಹಾಗೇ ನಟಿಸುತ್ತಿದ್ದರು' ಅಂತ ನಾವು ಬರೆದುಬಿಡುತ್ತೇವೆ. ಒಂದೇ ಮೂಕಿಯ ಎರಡು ಪ್ರಿಂಟುಗಳ ಅವಧಿ ಬೇರೆ ಬೇರೆ ಇದ್ದರೆ ದೃಶ್ಯ ಕತ್ತರಿಸಿರಬಹುದು, ಅಥವಾ ಸುಮ್ನೆ ವೇಗ ಬೇರೆ ಇರಬಹುದು. ಎರಡನ್ನೂ ಅನುಮಾನಿಸಿ.

ಹಾಗೇ ನಿಮ್ಮ ಟಿವಿಯನ್ನೂ ಅನುಮಾನಿಸಿ. ಈಗಿನ ಟಿವಿಗಳಲ್ಲಿ ಚಲನೆಯನ್ನು ನುಣ್ಣಗೆ ಮಾಡುವ ಒಂದು ಸೆಟ್ಟಿಂಗ್ ಇರುತ್ತದೆ. 24 ಫ್ರೇಮುಗಳ ನಡುವೆ ಇಲ್ಲದ ಫ್ರೇಮುಗಳನ್ನು ಟಿವಿಯೇ ಹುಟ್ಟಿಸಿ ತುಂಬುತ್ತದೆ. ಕ್ರಿಕೆಟ್ಟಿಗೆ ಸರಿ. ಹಳೆಯ ಸಿನಿಮಾಕ್ಕೆ ಹಾಕಿದರೆ ನಿನ್ನೆ ತೆಗೆದ ಧಾರಾವಾಹಿಯ ಹಾಗೆ ಕಾಣುತ್ತದೆ. ಮೊದಲು ಅದನ್ನು ಆಫ್ ಮಾಡಿ. 'ಫಿಲ್ಮ್‌ಮೇಕರ್ ಮೋಡ್' ಅಂತ ಇದ್ದರೆ ಅದನ್ನೇ ಹಾಕಿಕೊಳ್ಳಿ, ಇದಕ್ಕೆಂದೇ 2019ರಲ್ಲಿ ತಂದದ್ದು. ಇನ್ನೊಂದು, ಪರದೆಯ ಎರಡೂ ಬದಿಯ ಕಪ್ಪು ಪಟ್ಟಿ ಕಂಡು ಜೂಮ್ ಒತ್ತಬೇಡಿ. 1932ರಿಂದ 1950ರ ದಶಕದ ಶುರುವಿನವರೆಗೆ ಹಾಲಿವುಡ್ ಸಿನಿಮಾದ ಚೌಕಟ್ಟು 1.37ಕ್ಕೆ 1, ಅಂದರೆ ಸುಮಾರಾಗಿ ಚೌಕ. ಅಗಲದ ಪರದೆ ತುಂಬಬೇಕೆಂದು ಎಳೆದರೆ ಮೇಲಿಂದ ಕೆಳಗಿಂದ ಸೇರಿ ಹತ್ತಿರ ಹತ್ತಿರ ಕಾಲು ಭಾಗ ಚಿತ್ರ ಹೋಗುತ್ತದೆ. ಹಣೆ ಇಲ್ಲದ ನಾಯಕಿ, ಪಾದ ಇಲ್ಲದ ನರ್ತಕಿ. ಆಮೇಲೆ 'ಕ್ಯಾಮೆರಾದವರಿಗೆ ಫ್ರೇಮ್ ಇಡಲು ಬರುವುದಿಲ್ಲ' ಅಂತ ವಿಮರ್ಶೆ!

ಯಾವ ಆವೃತ್ತಿ ಅನ್ನುವುದು ಇದಕ್ಕಿಂತ ದೊಡ್ಡ ವಿಷಯ. ಫ್ರಿಟ್ಸ್ ಲಾಂಗ್ ಅವರ 'ಮೆಟ್ರೊಪೊಲಿಸ್' 1927ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ಬಿಡುಗಡೆಯಾದಾಗ ಸುಮಾರು ಎರಡೂವರೆ ಗಂಟೆ ಇತ್ತು. ಓಡಲಿಲ್ಲ. ಕತ್ತರಿ ಬಿತ್ತು. ಅದರಲ್ಲಿ ಒಬ್ಬ ವಿಜ್ಞಾನಿ ಹೆಣ್ಣಿನ ರೂಪದ ರೋಬೊ ಕಟ್ಟುತ್ತಾನೆ. ಯಾಕೆ ಅಂದರೆ, ಅವನು ಪ್ರೀತಿಸಿದ ಹೆಲ್ ಎಂಬವಳು ಬೇರೊಬ್ಬನನ್ನು ಮದುವೆಯಾಗಿ ಹೆರಿಗೆಯಲ್ಲಿ ತೀರಿಕೊಂಡಿರುತ್ತಾಳೆ. ಅಮೆರಿಕದ ಆವೃತ್ತಿ ಸಿದ್ಧಮಾಡಿದವರು ಹೆಲ್ ಅಂದರೆ ಇಂಗ್ಲಿಷಿನಲ್ಲಿ ನರಕ ಅನ್ನುವ ಹಾಗೆ ಕೇಳುತ್ತದೆ ಎಂದು ಆ ಎಳೆಯನ್ನೇ ತೆಗೆದುಹಾಕಿದರು. ವಿಜ್ಞಾನಿ ಕಾರಣವೇ ಇಲ್ಲದ ಹುಚ್ಚನಾಗಿಬಿಟ್ಟ. 2008ರಲ್ಲಿ ಬ್ಯೂನಸ್ ಐರಿಸ್‌ನ ಒಂದು ಸಿನಿಮಾ ವಸ್ತುಸಂಗ್ರಹಾಲಯದಲ್ಲಿ ಗೀರುಗಳಿಂದ ತುಂಬಿದ 16 ಎಂಎಂ ಪ್ರತಿ ಸಿಕ್ಕಿತು. 2010ರಲ್ಲಿ ಸುಮಾರು 25 ನಿಮಿಷ ಮರಳಿ ಸೇರಿತು. ಅಂದರೆ ಎಂಬತ್ತು ವರ್ಷ ಜನ ಬರೆದ ವಿಮರ್ಶೆಗಳಲ್ಲಿ ಹೆಚ್ಚಿನವು ಇನ್ನೊಂದೇ ಸಿನಿಮಾದ ಬಗ್ಗೆ ಬರೆದವು. ಅವರು ಸುಳ್ಳು ಬರೆಯಲಿಲ್ಲ. ಆದರೆ 'ನಾನು ನೋಡಿದ್ದು ಇಂಥ ಪ್ರತಿ' ಅಂತ ಹೇಳಿದವರ ವಿಮರ್ಶೆ ಮಾತ್ರ ಇವತ್ತು ಉಪಯೋಗಕ್ಕೆ ಬರುತ್ತದೆ.

ಪ್ರಿಂಟಿನ ಮಾತು ಬಂದಾಗ ಒಂದು ಚಿಕ್ಕ ಖುಷಿ ಹೇಳಿಬಿಡುತ್ತೇನೆ. ಹಳೆಯ ಸಿನಿಮಾ ನೋಡುವಾಗ ಕೆಲವೊಮ್ಮೆ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತದೆ. ಏಳೆಂಟು ಸೆಕೆಂಡಿಗೆ ಇನ್ನೊಂದು. ರೀಲು ಮುಗಿಯುತ್ತಿದೆ ಅಂತ ಪ್ರೊಜೆಕ್ಟರ್ ಆಪರೇಟರಿಗೆ ಕೊಟ್ಟ ಗುರುತು ಅದು. ಮೊದಲ ಚುಕ್ಕಿಗೆ ಎರಡನೇ ಯಂತ್ರದ ಮೋಟಾರು ಶುರು, ಎರಡನೆಯದಕ್ಕೆ ಬದಲಾವಣೆ. ಒಮ್ಮೆ ಕಣ್ಣಿಗೆ ಬಿತ್ತೆಂದರೆ ಮತ್ತೆ ಬಿಡುವುದಿಲ್ಲ. ಪೂರ್ತಿ ಶುಚಿ ಮಾಡಿದ ಪ್ರತಿಗಳಲ್ಲಿ ಇವನ್ನೂ ಒರೆಸಿಬಿಟ್ಟಿರುತ್ತಾರೆ. ನನಗೆ ಸ್ವಲ್ಪ ಬೇಸರವೇ.

ಈಗ 'ನಿಧಾನ'ಕ್ಕೆ ಬರೋಣ. ಇದು ನಿಮ್ಮೊಬ್ಬರ ದೂರಲ್ಲ. ಚಿತ್ರ ಇತಿಹಾಸಕಾರ ಡೇವಿಡ್ ಬೋರ್ಡ್‌ವೆಲ್ ಕೊಟ್ಟ ಲೆಕ್ಕದಂತೆ, 1930ರಿಂದ 1960ರವರೆಗಿನ ಹೆಚ್ಚಿನ ಹಾಲಿವುಡ್ ಸಿನಿಮಾಗಳಲ್ಲಿ ಒಂದು ಶಾಟ್ (ನಡುವೆ ಕತ್ತರಿ ಬೀಳದೆ ಓಡುವ ಒಂದು ತುಂಡು) ಸರಾಸರಿ 8ರಿಂದ 11 ಸೆಕೆಂಡ್ ನಿಲ್ಲುತ್ತಿತ್ತು. 2000ದ ಹೊತ್ತಿಗೆ ಅದು 3ರಿಂದ 6ಕ್ಕೆ ಇಳಿದಿದೆ. ನಮ್ಮ ಕಣ್ಣು ಈ ಎರಡನೇ ಲೆಕ್ಕಕ್ಕೆ ಪಳಗಿದೆ. ನಾಲ್ಕು ಸೆಕೆಂಡಾದ ಮೇಲೂ ಶಾಟ್ ಬದಲಾಗದಿದ್ದರೆ ಒಳಗಿನಿಂದ ಯಾರೋ 'ಮುಂದೇನು?' ಅಂತ ಚುಚ್ಚುತ್ತಾರೆ. ಹಾಗಾಗಿ 'ನಿಧಾನ' ಎಂದು ಬರೆದಾಗ ಅರ್ಧ ಸಿನಿಮಾದ ಬಗ್ಗೆ, ಅರ್ಧ ನಿಮ್ಮ ಕಣ್ಣಿನ ಬಗ್ಗೆ ಬರೆದಿರುತ್ತೀರಿ. ಎರಡನ್ನೂ ಬೇರೆ ಮಾಡಲು ಒಂದೇ ದಾರಿ ನನಗೆ ಗೊತ್ತು. ಆ ಉಳಿದ ಸೆಕೆಂಡುಗಳಲ್ಲಿ ಪರದೆಯ ಮೇಲೆ ಏನಿದೆ ಅಂತ ನೋಡುವುದು.

ಯಸುಜಿರೊ ಒಜು ಅವರ 'ಟೋಕಿಯೊ ಸ್ಟೋರಿ' (1953) ತೆಗೆದುಕೊಳ್ಳಿ. ನಿಧಾನ ಅಂತ ಬೈಸಿಕೊಳ್ಳುವುದರಲ್ಲಿ ಅದಕ್ಕೆ ಮೊದಲ ಬಹುಮಾನ. ಕ್ಯಾಮೆರಾ ನೆಲದ ಹತ್ತಿರ ಕೂತಿರುತ್ತದೆ, ಅಲ್ಲಾಡುವುದೇ ಅಪರೂಪ. ವಯಸ್ಸಾದ ಗಂಡ ಹೆಂಡತಿ ಊರಿಂದ ಮಕ್ಕಳನ್ನು ನೋಡಲು ಟೋಕಿಯೊಗೆ ಬಂದಿದ್ದಾರೆ. ಮಕ್ಕಳಿಗೆ ಪುರಸೊತ್ತಿಲ್ಲ. ಹಾಯಾಗಿ ಇದ್ದು ಬನ್ನಿ ಅಂತ ಅತಾಮಿ ಎಂಬ ಸಮುದ್ರ ತೀರದ ಊರಿಗೆ ಸಾಗಹಾಕುತ್ತಾರೆ. ಛತ್ರದಲ್ಲಿ ರಾತ್ರಿಯಿಡೀ ಪಕ್ಕದವರ ಆಟ, ಹಾಡು. ಇಬ್ಬರಿಗೂ ನಿದ್ದೆಯಿಲ್ಲ. ಬೆಳಗ್ಗೆ ಸಮುದ್ರದ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದಾರೆ. ನಮಗೆ ಕಾಣುವುದು ಎರಡು ಬೆನ್ನು, ಆಚೆ ನೀರು. ಊರಿಗೆ ಹೋಗೋಣವಾ ಎಂಬ ಮಾತು. ಅವನು ಎದ್ದು ಮುಂದೆ ಹೆಜ್ಜೆ ಹಾಕುತ್ತಾನೆ. ಅವಳು ಏಳಲು ಹೋಗಿ ತಲೆ ಸುತ್ತಿ ಹಾಗೇ ಕುಸಿದು ಕೂರುತ್ತಾಳೆ. ಏನಾಯಿತು? ಏನಿಲ್ಲ, ಸ್ವಲ್ಪ ತಲೆ ಸುತ್ತಿತು. ರಾತ್ರಿ ನಿದ್ದೆ ಇಲ್ಲವಲ್ಲ, ಅದಕ್ಕೇ. ಎದ್ದು ಹೊರಡುತ್ತಾರೆ. ಅಷ್ಟೇ. ಯಾರೂ ಗಾಬರಿ ಬೀಳುವುದಿಲ್ಲ, ಕ್ಯಾಮೆರಾ ಅವಳ ಮುಖಕ್ಕೆ ನುಗ್ಗುವುದಿಲ್ಲ.

ಮೊದಲ ಸಲ ನೋಡಿದಾಗ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಸಿನಿಮಾ ಮುಗಿಯುವ ಹೊತ್ತಿಗೆ ಅವಳು ಇಲ್ಲ. ಎರಡನೇ ಸಲ ಆ ಕಟ್ಟೆಯ ದೃಶ್ಯ ಬಂದಾಗ ನನಗೆ ಉಸಿರು ಕಟ್ಟಿತು. ಮಕ್ಕಳಿಗೆ ಹೇಗೆ ಗೊತ್ತಾಗಲಿಲ್ಲವೋ ನನಗೂ ಹಾಗೇ ಗೊತ್ತಾಗಿರಲಿಲ್ಲ. ಈ ಸಿನಿಮಾ ನಿಧಾನ ಅಂತ ಬರೆಯಿರಿ, ತಪ್ಪಿಲ್ಲ. ಆದರೆ ಆ ನಿಧಾನದೊಳಗೆ ನೀವು ಏನನ್ನು ನೋಡದೆ ಬಿಟ್ಟಿರಿ ಅಂತಲೂ ಬರೆಯಬೇಕಾಗುತ್ತದೆ. ಇನ್ನು ಕೆಲವು ಸಿನಿಮಾಗಳ ನಿಧಾನದೊಳಗೆ ಏನೂ ಇರುವುದಿಲ್ಲ. ಅದನ್ನೂ ಹಾಗೇ ಹೇಳಿ: 'ಮೂರು ನಿಮಿಷ ಕಾರು ಓಡುತ್ತದೆ, ಕಿಟಕಿಯಾಚೆ ಹೊಸದೇನೂ ಇಲ್ಲ.' ಇಂಥ ದೂರನ್ನು ಯಾರೂ ತಳ್ಳಿಹಾಕಲಾರರು.

'ಛಾಯಾಗ್ರಹಣ ಅದ್ಭುತ' ಅನ್ನುವುದೂ ತಪ್ಪಿಸಿಕೊಳ್ಳುವ ಮಾತೇ. ನಿಮ್ಮ ಬರಹಗಳಲ್ಲಿ ಇದು ಎಷ್ಟು ಸಲ ಬಂದಿದೆ ಅಂತ ಎಣಿಸಿ ನೋಡಿ. 'ಸಿಟಿಜನ್ ಕೇನ್' (1941) ಬಗ್ಗೆ ಬರೆಯುವವರೆಲ್ಲ ಗ್ರೆಗ್ ಟೋಲಂಡ್ ಅವರ ಕ್ಯಾಮೆರಾ ಹೊಗಳುತ್ತಾರೆ. ಹತ್ತಿರದ್ದು, ದೂರದ್ದು ಎರಡೂ ಒಂದೇ ಸಲ ಸ್ಪಷ್ಟವಾಗಿ ಕಾಣುತ್ತದೆ ಅಂತ. ಆಯಿತು, ಕಂಡರೆ ಏನಾಯಿತು? ಹಿಮದಲ್ಲಿ ಒಬ್ಬ ಹುಡುಗ ಆಡುತ್ತಿದ್ದಾನೆ. ಕ್ಯಾಮೆರಾ ಕಿಟಕಿಯಿಂದ ಒಳಗೆ, ಹಿಂದಕ್ಕೆ ಹಿಂದಕ್ಕೆ ಬರುತ್ತದೆ. ಮುಂದೆ ಮೇಜಿನ ಹತ್ತಿರ ತಾಯಿ ಕಾಗದಕ್ಕೆ ಸಹಿ ಹಾಕಲು ಕೂರುತ್ತಾಳೆ. ಮಗನನ್ನು ಬೇರೆಯವರ ಕೈಗೆ ಒಪ್ಪಿಸುವ ಕಾಗದ. ಅಪ್ಪ ನಡುವೆ ನಿಂತು ಗೊಣಗುತ್ತಾನೆ. ಅಷ್ಟು ಹೊತ್ತೂ ಆ ಹುಡುಗ ಕಿಟಕಿಯ ಚೌಕದಲ್ಲಿ, ಇರುವೆಯಷ್ಟು ಚಿಕ್ಕದಾಗಿ, ಆದರೆ ಸ್ಪಷ್ಟವಾಗಿ ಆಡುತ್ತಲೇ ಇದ್ದಾನೆ. ತನ್ನ ಬದುಕು ಒಳಗೆ ತೀರ್ಮಾನವಾಗುತ್ತಿದೆ ಅಂತ ಅವನಿಗೆ ಗೊತ್ತಿಲ್ಲ. ಎಲ್ಲವೂ ಸ್ಪಷ್ಟವಾಗಿ ಕಂಡದ್ದಕ್ಕೇ ಹೊಟ್ಟೆ ಕಿವುಚಿದ್ದು. ಇದನ್ನು ಬರೆದ ಮೇಲೆ 'ಅದ್ಭುತ' ಅಂತ ಸೇರಿಸಬೇಕು ಅನ್ನಿಸುವುದಿಲ್ಲ.

ಕಾಲ ಗೊತ್ತಿದ್ದರೆ ಉಪಕಾರ ಆಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಾಲ ಅಂದರೆ ಕ್ಷಮಾಪಣೆಯ ಪತ್ರ ಅಂತ ತಿಳಿಯಬಾರದು. ಅದು ಆ ಜನ ಯಾವ ಕಟ್ಟುಪಾಡಿನಲ್ಲಿ ಕೆಲಸ ಮಾಡಿದರು ಅನ್ನುವ ಮಾಹಿತಿ. 1929ರ ಟಾಕಿಯಲ್ಲಿ ನಟರು ಕಂಬದ ಹಾಗೆ ನಿಂತು ಮಾತಾಡುತ್ತಾರಾ? ಆಗ ಕ್ಯಾಮೆರಾ ಸದ್ದು ಮಾಡುತ್ತಿತ್ತು, ಅದನ್ನು ಪೆಟ್ಟಿಗೆಯಂಥ ಗೂಡಿನೊಳಗೆ ಮುಚ್ಚಿಡಬೇಕಿತ್ತು. ಮೈಕು ಎಲ್ಲೋ ಹೂದಾನಿಯಲ್ಲಿ ಅಡಗಿರುತ್ತಿತ್ತು. ನಟ ಅದರಿಂದ ದೂರ ಸರಿದರೆ ಮಾತೇ ಕೇಳಿಸದು. ಹಾಲಿವುಡ್ಡಿನಲ್ಲಿ ಗಂಡ ಹೆಂಡತಿ ಬೇರೆ ಬೇರೆ ಮಂಚದಲ್ಲಿ ಯಾಕೆ ಮಲಗುತ್ತಾರೆ? 1934ರಿಂದ ಬಿಗಿಯಾಗಿ ಜಾರಿಗೆ ಬಂದು 1968ರವರೆಗೆ ಇದ್ದ ಪ್ರೊಡಕ್ಷನ್ ಕೋಡ್ ಕಾರಣ, ತೆರೆಯ ಮೇಲೆ ಏನು ತೋರಿಸಬಹುದು, ಏನು ಕೂಡದು ಅನ್ನುವ ಹಾಲಿವುಡ್ಡಿನ ನಿಯಮಾವಳಿ. ಉದ್ದದ ಮುತ್ತು ಕೂಡ ಅದರ ಪ್ರಕಾರ ಕೂಡದು. ನಿರ್ದೇಶಕ ಹಿಚ್‌ಕಾಕ್ 1946ರ 'ನಟೋರಿಯಸ್'ನಲ್ಲಿ ಏನು ಮಾಡಿದರು ಗೊತ್ತಾ? ಚಿಕ್ಕ ಚಿಕ್ಕ ಮುತ್ತು, ನಡುವೆ ಮಾತು, ಹಾಗೇ ತಬ್ಬಿಕೊಂಡು ಫೋನಿನ ತನಕ ನಡಿಗೆ, ಅಲ್ಲಿಂದ ಬಾಗಿಲ ತನಕ. ಎರಡು ನಿಮಿಷಕ್ಕೂ ಜಾಸ್ತಿ. ನಿಯಮ ಎಲ್ಲೂ ಮುರಿದಿಲ್ಲ. ಒಂದೇ ಉದ್ದದ ಮುತ್ತಿಗಿಂತ ಬಿಸಿ ಜಾಸ್ತಿ ಮಾತ್ರ. ನಿಯಮ ಗೊತ್ತಿಲ್ಲದಿದ್ದರೆ ಇದು ಸುಮ್ನೆ ಒಂದು ಪ್ರಣಯದ ದೃಶ್ಯ. ಗೊತ್ತಿದ್ದರೆ ತುಟಿಯಂಚಿನಲ್ಲಿ ನಗು ಬರುತ್ತದೆ.

ಹಳೆಯ ಸಿನಿಮಾಗಳಲ್ಲಿ ಮುಜುಗರ ಆಗುವ ಸಂಗತಿಗಳೂ ಬರುತ್ತವೆ. 1927ರ 'ದಿ ಜಾಝ್ ಸಿಂಗರ್'ನಲ್ಲಿ ಬಿಳಿಯ ಗಾಯಕ ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡುತ್ತಾನೆ. ನಾಯಕಿಗೆ ನಾಯಕ ಕಪಾಳಕ್ಕೆ ಹೊಡೆದರೆ ಅದೇ ಪ್ರೀತಿ ಅನ್ನುವ ಸಿನಿಮಾಗಳಿಗಂತೂ ಲೆಕ್ಕವಿಲ್ಲ. ಇಂಥದ್ದು ಬಂದಾಗ ನುಂಗಿಕೊಳ್ಳಬೇಡಿ. ನಿಮಗೆ ಏನನ್ನಿಸಿತೋ ಅದನ್ನು ನೇರವಾಗಿ ಒಂದೆರಡು ಸಾಲು ಬರೆದು ಮುಂದೆ ಹೋಗಿ. ಪೂರ್ತಿ ಪುಟ ಅದಕ್ಕೇ ಕೊಟ್ಟರೆ ಉಳಿದ ಸಿನಿಮಾ ನೋಡಿದ್ದು ವ್ಯರ್ಥ.

ಧೈರ್ಯದ ಪ್ರಶ್ನೆ. ಬ್ರಿಟನ್ನಿನ 'ಸೈಟ್ ಆ್ಯಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳಿ ಅತ್ಯುತ್ತಮ ಸಿನಿಮಾಗಳ ಪಟ್ಟಿ ಮಾಡುತ್ತದೆ. 1952ರಲ್ಲಿ ಮೊದಲ ಸ್ಥಾನ 'ಬೈಸಿಕಲ್ ಥೀವ್ಸ್'ಗೆ. 1962ರಿಂದ 2002ರ ಪಟ್ಟಿಯವರೆಗೆ 'ಸಿಟಿಜನ್ ಕೇನ್' ಅಲುಗಾಡಲಿಲ್ಲ. 2012ರಲ್ಲಿ 'ವರ್ಟಿಗೊ' ಅದನ್ನು ಇಳಿಸಿತು. 1958ರಲ್ಲಿ ಬಂದಾಗ ಅದೇ 'ವರ್ಟಿಗೊ' ಬಗ್ಗೆ ಹೊಗಳಿಕೆ, ತೆಗಳಿಕೆ ಎರಡೂ ಇತ್ತು. 2022ರಲ್ಲಿ ಶಾಂಟಾಲ್ ಅಕರ್‌ಮನ್ ಅವರ 1975ರ 'ಝಾನ್ ಡಿಲ್ಮಾನ್' ಮೇಲೆ ಬಂತು. ಪಂಡಿತರೇ ಇಷ್ಟು ಸಲ ಮನಸ್ಸು ಬದಲಾಯಿಸಿರುವಾಗ ನಿಮಗೊಂದು ಸಿನಿಮಾ ಹಿಡಿಸಲಿಲ್ಲ ಅಂದರೆ ಆಕಾಶ ಬೀಳುವುದಿಲ್ಲ. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ 1993ರಲ್ಲಿ 'ಗ್ರೌಂಡ್‌ಹಾಗ್ ಡೇ'ಗೆ ಮೂರು ನಕ್ಷತ್ರ ಕೊಟ್ಟಿದ್ದರು. ಹನ್ನೆರಡು ವರ್ಷದ ಮೇಲೆ ಅದನ್ನು ತಮ್ಮ ಶ್ರೇಷ್ಠ ಸಿನಿಮಾಗಳ ಸಾಲಿಗೆ ಸೇರಿಸಿ, ಆಗ ಕಡಿಮೆ ಅಂದಾಜು ಮಾಡಿದ್ದೆ ಎಂದು ಒಪ್ಪಿಕೊಂಡರು. ನನ್ನದೂ ಒಂದಿದೆ. ಜಗತ್ತೇ ತಲೆಬಾಗುವ ಒಂದು ಸಿನಿಮಾವನ್ನು ಮೂರು ಸಲ ನೋಡಲು ಕೂತೆ, ಎರಡು ಸಲ ನಿದ್ದೆ ಹೋದೆ. ಮೂರನೇ ಸಲ ಪೂರ್ತಿ ನೋಡಿದೆ. ಆಗಲೂ ಹಿಡಿಸಲಿಲ್ಲ. ಹಾಗೇ ಬರೆದೆ. ಎಷ್ಟನೇ ನಿಮಿಷದಲ್ಲಿ ನನ್ನ ಗಮನ ಜಾರಿತು, ಆಗ ತೆರೆಯ ಮೇಲೆ ಏನಿತ್ತು ಅಂತ ಬರೆದೆ. ಒಪ್ಪದವರು ಆ ನಿಮಿಷಕ್ಕೇ ಹೋಗಿ ನೋಡಿ ನನ್ನ ಹತ್ತಿರ ಜಗಳಕ್ಕೆ ಬಂದರು. ಒಳ್ಳೆಯ ಜಗಳ.

ಬರೆಯುವ ಅಭ್ಯಾಸದ ಬಗ್ಗೆ ಒಂದೆರಡು ಮಾತು. ಸಿನಿಮಾ ಓಡುವಾಗ ಟಿಪ್ಪಣಿ ಮಾಡಬೇಡಿ, ಪೆನ್ನು ನೋಡುವಾಗ ಶಾಟ್ ಹೋಗಿರುತ್ತದೆ. ಮುಗಿದ ತಕ್ಷಣ, ಬೇರೆಯವರ ಒಂದು ಸಾಲನ್ನೂ ಓದದೆ, ನೆನಪಿರುವ ಮೂರು ಚಿತ್ರಗಳನ್ನು ಗೀಚಿಡಿ. ಕಥೆ ಬೇಡ. ಕೈ, ಬಾಗಿಲು, ಬೆಳಕು, ಒಂದು ಸದ್ದು, ಏನಾದರೂ ಸರಿ. ವಿಮರ್ಶೆ ಮರುದಿನ ಬೆಳಗ್ಗೆ ಬರೆಯಿರಿ. ರಾತ್ರಿಯ ಮೂರರಲ್ಲಿ ಬೆಳಗ್ಗೆಗೂ ಉಳಿದದ್ದು ಯಾವುದೋ ಅದರಿಂದ ಶುರು ಮಾಡಿ. ಬೇರೆಯವರು ಏನು ಬರೆದಿದ್ದಾರೆ ಅಂತ ಆಮೇಲೆ ನೋಡಿ. ಮೊದಲೇ ನೋಡಿದರೆ ಅವರ ಮಾತು ನಿಮ್ಮ ಕಣ್ಣೊಳಗೆ ಕೂರುತ್ತದೆ. ಕಥೆಯ ಸಾರಾಂಶ ನಾಲ್ಕು ವಾಕ್ಯ ದಾಟಬಾರದು. ನಕ್ಷತ್ರ ಕೊಡುವುದು, ಹತ್ತಕ್ಕೆ ಇಷ್ಟು ಅನ್ನುವುದು ನನಗೆ ಸೇರುವುದಿಲ್ಲ, ಆದರೆ ನಿಮಗೆ ಖುಷಿ ಇದ್ದರೆ ಕೊಡಿ. ಗುಟ್ಟು ಬಿಚ್ಚಬಹುದಾ ಅಂತ ಕೆಲವರು ಕೇಳುತ್ತಾರೆ. ಅರವತ್ತು ವರ್ಷ ಕಳೆದರೂ ನಿಮ್ಮ ಗೆಳೆಯರಿಗೆ ಅದು ಹೊಸದೇ ಇರಬಹುದು. 'ಸೈಕೋ' 1960ರಲ್ಲಿ ಬಂದಾಗ ಶೋ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ಹಿಚ್‌ಕಾಕ್ ಪಟ್ಟು ಹಿಡಿದಿದ್ದರು. ಆ ಸಿನಿಮಾದ ಗುಟ್ಟನ್ನು ನಾನು ಇವತ್ತಿಗೂ ಬರೆಯುವುದಿಲ್ಲ. (ಮೇಲೆ 'ಟೋಕಿಯೊ ಸ್ಟೋರಿ'ಯ ಕೊನೆ ಹೇಳಿಬಿಟ್ಟೆ, ನಿಜ. ಅದನ್ನು ಹೇಳದೆ ಆ ಕಟ್ಟೆಯ ದೃಶ್ಯ ವಿವರಿಸಲು ನನಗೆ ದಾರಿ ಕಾಣಲಿಲ್ಲ.)

ಮುಂದಿನ ಶನಿವಾರ ಹೊಸದಾಗಿ ಇನ್ನೊಂದು ಹಳೆಯ ಸಿನಿಮಾ ಹುಡುಕಬೇಡಿ. ನಿಮ್ಮ ನೂರು ಬರಹಗಳಲ್ಲಿ 'ಸ್ವಲ್ಪ ನಿಧಾನ' ಅಂತ ಇರುವ ಯಾವುದಾದರೂ ಒಂದನ್ನು ಎತ್ತಿಕೊಳ್ಳಿ. ಟಿವಿಯ ಆ ಸೆಟ್ಟಿಂಗ್ ಆಫ್ ಮಾಡಿ ಅದೇ ಸಿನಿಮಾ ಮತ್ತೆ ನೋಡಿ. ಈ ಸಲ ಒಂದೇ ಒಂದು ದೃಶ್ಯದ ಬಗ್ಗೆ ಬರೆಯಿರಿ, ಹೆಚ್ಚೆಂದರೆ ಎರಡು ನಿಮಿಷದ್ದು. 'ಆ ಕಾಲಕ್ಕೆ', 'ನಿಧಾನ', 'ಅದ್ಭುತ' ಮೂರೂ ಪದ ನಿಷಿದ್ಧ. ಮೇಲೆ ಯಾವ ಪ್ರಿಂಟು, ಎಷ್ಟು ನಿಮಿಷದ್ದು ಅಂತ ಒಂದು ಸಾಲು ಹಾಕಿ, 'ಯಾರಿಗೆ ಬೇಕು' ಅಂದ ಗೆಳೆಯರಿಗೇ ಮೊದಲು ಕಳಿಸಿ.